ಗಾರ್ಡಮ್ಮನ ಹಿತ್ತಿಲಿನ ಸೌದೆ

ಹೋದ ತಿಂಗಳು ಶಿಡ್ಲಘಟ್ಟದಲ್ಲಿ ನಮ್ಮವರ ಕಡೆಯ ನೆಂಟರೊಬ್ಬರ ಗೃಹಪ್ರವೇಶವಿತ್ತು. ಸೊಸೆ ಜೊತೆಯಲ್ಲಿದ್ದಳು. ಆಟೋದವನು ರಸ್ತೆ ಅಗೆದುಹಾಕಿದ್ದಾರೆಂದು ಗೊಣಗಿಕೊಂಡು, ಗೂಡಿನಿಂದ ನೂಲು ಬಿಚ್ಚುವ ರೇಷ್ಮೆ ರೀಲರುಗಳ ಬೀದಿಯೊಳಗೆ ಗಾಡಿ ನುಗ್ಗಿಸಿದ. ಗೂಡು ಬೇಯಿಸುವ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಗೂಡಿನೊಳಗಿನ ಹುಳ ಬಿಸಿನೀರಿನಲ್ಲಿ ಬೆಂದ ನಾತ ಇಡೀ ಬೀದಿಯನ್ನೇ ಹಿಡಿದುಬಿಡುತ್ತದೆ. ಸೊಸೆ ಸೆರಗು ಮೂಗಿಗೊತ್ತಿಕೊಂಡು, "ಅಣ್ಣಾ, ಸ್ವಲ್ಪ ಬೇಗ ಹೋಗಪ್ಪಾ" ಎಂದಳು. ನಾನು ಮೂಗು ಮುಚ್ಚಲಿಲ್ಲ. ಯಾವುದೋ ಒಂದು ಮನೆಯಲ್ಲಿ ಇನ್ನೂ ಸೌದೆಯನ್ನೇ ಉರಿಸುತ್ತಿದ್ದರು. ಹುಳದ ವಾಸನೆಯ ಕೆಳಗಿನಿಂದ ಜಾಲಿಯ ಹೊಗೆಯೂ ಲಂಟಾನ ಕಡ್ಡಿಯ ಘಾಟೂ ಬಂದವು.

"ಯಾಕತ್ತೆ, ಮುಖ ಹಿಂಗಾಯ್ತು? ತಲೆ ತಿರುಗ್ತಾ?"

"ಹೊಗೆ ಕಣಮ್ಮ" ಎಂದೆ. ಅದು ಸುಳ್ಳೇನೂ ಅಲ್ಲ. ಅದೇ ಹೊಗೆಯಲ್ಲಿ ನಾನು ಒಂದು ಬೇಸಿಗೆ ಪೂರ್ತಿ ಅಡುಗೆ ಮಾಡಿದ್ದೇನೆ. ಅದು ನೆನಪಾದರೆ ಈಗಲೂ ಎದುರಿಗಿದ್ದವರ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ. ಗೃಹಪ್ರವೇಶದ ಮನೆಯಲ್ಲಿ ಹೋಳಿಗೆ ಬಡಿಸಿದವರು ಯಾರು, ಮಾತಾಡಿಸಿದವರು ಯಾರು ಎಂಬುದೂ ಅವತ್ತು ನನಗೆ ಸರಿಯಾಗಿ ತಲೆಗೆ ಹೋಗಲಿಲ್ಲ.

ಆಗ ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗೌರಿಬಿದನೂರಿನ ರೈಲ್ವೆ ಸ್ಟೇಷನ್ನಿನ ಹತ್ತಿರ ನಮ್ಮಪ್ಪನ ಸಣ್ಣ ಹೋಟೆಲಿತ್ತು. ಹಿಂದೂಪುರದ ರೈಲು ಬಂದುಹೋಗುವ ಸದ್ದಿನಲ್ಲೇ ಬೆಳೆದವಳು ನಾನು. ಗಂಡು ಫಾರೆಸ್ಟ್ ಗಾರ್ಡ್ ಎಂದು ತಿಳಿದಾಗ ಮನೆಯವರೆಲ್ಲ ಹಿಗ್ಗಿ ಹೀರೇಕಾಯಿಯಾದರು. ಸರ್ಕಾರಿ ಕೆಲಸ, ಖಾಕಿ ಬಟ್ಟೆ, ಮುಂದೆ ಪಿಂಚಣಿ. ಹುಡುಗನ ಮೂಗು ಸ್ವಲ್ಪ ಸೊಟ್ಟ ಎಂದು ನಾನು ರಾಗ ಎಳೆದಿದ್ದಕ್ಕೆ ನಮ್ಮಜ್ಜಿ, "ಮೂಗಿನ ಜೊತೆ ಸಂಸಾರ ಮಾಡ್ತೀಯೇನೇ? ಮೈಮೇಲಿರೋ ಬಟ್ಟೆ ನೋಡೇ" ಎಂದು ಗದರಿದಳು. ನಾನೂ ಬಟ್ಟೆಯನ್ನೇ ನೋಡಿದೆ. ಆ ಖಾಕಿ ಶರಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವುದರಲ್ಲಿ ನನಗೆ ಎಷ್ಟು ಜಂಬವಿತ್ತೆಂದರೆ, ಬೀದಿಗೆ ಕಾಣುವ ಹಾಗೆ ಜಗಲಿಯ ಮೇಲೆ ಕೂತು ಇಸ್ತ್ರಿ ಮಾಡುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ನಮ್ಮವರನ್ನು ಸಾದಲಿಯಿಂದ ಆಚೆ, ಬೆಟ್ಟದ ಬುಡದ ಒಂದು ಹಳ್ಳಿಗೆ ಹಾಕಿದರು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನವರು ಇನ್ನೂ ಇದ್ದಾರೆ, ಅವರ ಮಕ್ಕಳು ಓದಿ ಕೆಲಸದಲ್ಲಿದ್ದಾರೆ, ನನ್ನ ನೆನಪಿಗಾಗಿ ಅವರು ಯಾಕೆ ತಲೆ ತಗ್ಗಿಸಬೇಕು. ಊರಿನ ಪಕ್ಕದಲ್ಲೇ ಪಾಪಾಗ್ನಿ ಹೊಳೆ. ನಾವು ಹೋದಾಗ ನಡುವೆ ಸಣ್ಣದಾಗಿ ನೀರು ಹರಿಯುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಅದೂ ನಿಂತು ಬರೀ ಮರಳು ಉಳಿಯಿತು. ಹೊಳೆಯ ಎರಡು ದಂಡೆಗೂ ಹೊಂಗೆಮರ, ಹುಣಸೆಮರ. ಆಮೇಲೆ ಹಿಪ್ಪುನೇರಳೆ ತೋಟ, ಅದರಾಚೆ ಬೆಟ್ಟ. ಬೆಟ್ಟದಲ್ಲಿ ಜಾಲಿ, ಕಗ್ಗಲಿ, ಸೀತಾಫಲದ ಗಿಡ, ಕಾಲಿಟ್ಟರೆ ಸೀರೆ ಹರಿಯುವ ಲಂಟಾನದ ಪೊದೆ. ಒಂದು ಮಗ್ಗುಲಿಗೆ ಇಲಾಖೆಯವರು ಹೊಸದಾಗಿ ಹಾಕಿಸಿದ ನೀಲಗಿರಿ, ಶಾಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆ.

ನಮ್ಮ ಮನೆಯ ಒಡತಿ ಪಾಪಮ್ಮ ಪಕ್ಕದ ಭಾಗದಲ್ಲೇ ಇದ್ದರು. ವಯಸ್ಸಾದ ಹೆಂಗಸು, ಬಾಯಲ್ಲಿ ಸದಾ ಎಲೆ ಅಡಿಕೆ, ಮಾತು ಅರ್ಧ ಕನ್ನಡ ಅರ್ಧ ತೆಲುಗು. ಆ ಸೀಮೆಯ ಕತೆಯನ್ನೆಲ್ಲ ನನಗೆ ಹೇಳಿದವರು ಅವರೇ. "ನಾನು ಮದುವೆಯಾಗಿ ಬಂದಾಗ ಈ ಬೆಟ್ಟದ ಸೌದೆ ಯಾರಿಗೆ ಬೇಕಾಗಿತ್ತಮ್ಮ? ನಮ್ಮ ಒಲೆಗೆ ಎಷ್ಟು ಬೇಕೋ ಅಷ್ಟು ತರ್ತಿದ್ವಿ. ಆಮೇಲೆ ಊರೂರಿಗೂ ರೇಷ್ಮೆ ಬಂತು. ಶಿಡ್ಲಘಟ್ಟದಾಗೆ ಸಾಬರ ಬೀದಿ ತುಂಬಾ ನೂಲು ಬಿಚ್ಚೋ ಒಲೆಗಳು ಎದ್ವು. ಆ ನೀರು ಕಾಯ್ಬೇಕಲ್ಲ, ಯಾವುದ್ರಲ್ಲಿ ಕಾಯ್ತದೆ? ನಮ್ಮ ಬೆಟ್ಟ ಹಂಗೇ ಹೊರೆ ಹೊರೆ ಕಟ್ಕೊಂಡು ಬಸ್ಸು ಹತ್ತಿ ಹೋಗ್ಬಿಡ್ತು." ಬೆಟ್ಟ ಬಸ್ಸು ಹತ್ತಿತು ಎಂದಿದ್ದಕ್ಕೆ ನಾನು ನಕ್ಕೆ. ಆದರೆ ಅದು ನಿಜ. ಊರಾಚೆಯ ಕಾಲೊನಿಯ ಹೆಂಗಸರು ಹಿಂದಿನ ದಿನ ಬೆಟ್ಟ ಹತ್ತಿ ಸೌದೆ ಕಡಿದು, ಹೊರೆ ಕಟ್ಟಿ, ಬೆಳಗಿನ ಖಾಸಗಿ ಬಸ್ಸಿನ ಟಾಪಿಗೆ ಏರಿಸಿ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದರು. ಅಲ್ಲಿ ಇಳಿಸಿ, ಮತ್ತೆ ತಲೆಯ ಮೇಲೆ ಹೊತ್ತು ರೀಲರುಗಳ ಮನೆಗೆ ಹಾಕುವುದು. ಒಬ್ಬೊಬ್ಬರಿಗೆ ಒಂದೊಂದು ವಾಡಿಕೆ ಮನೆ. ಬಸ್ಸು ತಪ್ಪಿ ಹೊರೆ ಹೋಗದಿದ್ದರೆ ರೀಲರು ಕಾಯುವುದಿಲ್ಲ, ಬಾಗಿಲಿಗೆ ಬಂದ ಬೇರೆಯವರ ಹೊರೆ ಇಳಿಸಿಕೊಳ್ಳುತ್ತಾನೆ. ಹಾಗೆ ನಾಲ್ಕಾರು ಸಲವಾದರೆ ವಾಡಿಕೆ ಹೋದಂತೆಯೇ.

ಊರಿನಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಲಿಲ್ಲ. ಹೋದ ದಿನದಿಂದಲೇ ನಾನು ಗಾರ್ಡಮ್ಮ. ಮೊದಮೊದಲು ಕೇಳಲು ಹಿತವಾಗಿಯೇ ಇತ್ತು. ಅಂಗಡಿಯಲ್ಲಿ ನನಗೆ ಜಾಗ ಬಿಡುತ್ತಿದ್ದರು. ನಾನು ಹತ್ತಿರ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಅದು ಮರ್ಯಾದೆ ಎಂದುಕೊಂಡಿದ್ದೆ. ಹಿತ್ತಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಸೌದೆ ರಾಶಿ ಬಿದ್ದಿತ್ತು, ಉರಿಸಿದಷ್ಟೂ ಮುಗಿಯುತ್ತಿರಲಿಲ್ಲ. ಗೌರಿಬಿದನೂರಿನಲ್ಲಿ ನಮ್ಮಮ್ಮ ಹೊಟ್ಟಿನ ಒಲೆಯ ಮುಂದೆ ಕಣ್ಣು ಉಜ್ಜಿಕೊಂಡು ಕೂರುತ್ತಿದ್ದವಳು. ಸೌದೆಯನ್ನು ತೂಕಕ್ಕೆ ತರುತ್ತಿದ್ದ ಮನೆ ನಮ್ಮದು. ಫಾರೆಸ್ಟಿನವರಿಗೆ ಇಲಾಖೆಯೇ ಸೌದೆ ಕೊಡುತ್ತದೆ, ಪೊಲೀಸಿನವರಿಗೆ ಕ್ವಾರ್ಟರ್ಸ್ ಕೊಡುವ ಹಾಗೆ, ಎಂದು ನಾನು ನಂಬಿದ್ದೆ. ಯುಗಾದಿಗೆ ಬಂದ ನನ್ನ ತಂಗಿಗೆ ಆ ರಾಶಿಯನ್ನು ತೋರಿಸಿ ಜಂಬವನ್ನೂ ಕೊಚ್ಚಿಕೊಂಡೆ. "ನೋಡೇ, ಒಂದು ಕಡ್ಡಿ ಕೊಳ್ಳೋ ಹಂಗಿಲ್ಲ" ಎಂದೆ. ಅವಳು ಅಸೂಯೆಪಟ್ಟದ್ದು ನನಗೆ ಬೇವುಬೆಲ್ಲಕ್ಕಿಂತ ರುಚಿಯಾಗಿತ್ತು.

ಕುಡಿಯುವ ನೀರಿಗೆ ಹೊಳೆದಂಡೆಯ ಸೇದುವ ಬಾವಿ. ರಾಟೆ ಊರಿನದು, ಹಗ್ಗ ಮತ್ತು ಕೊಡ ಅವರವರದು. ನಾನು ಅಂಗಡಿಯಿಂದ ತಂದಿದ್ದ ನೈಲಾನ್ ಹಗ್ಗ ಅಂಗೈಯನ್ನು ಸುಟ್ಟು ಬೊಬ್ಬೆ ಎಬ್ಬಿಸಿತ್ತು. ಒಂದು ದಿನ ಹಿತ್ತಿಲಿನ ಮೊಳೆಯಲ್ಲಿ ಸುತ್ತಿ ನೇತುಹಾಕಿದ್ದ ಹಗ್ಗವೊಂದು ಕಣ್ಣಿಗೆ ಬಿತ್ತು. ಕತ್ತಾಳೆ ನಾರಿನದು, ಚೆನ್ನಾಗಿ ಹೊಸೆದದ್ದು. ಒಂದು ತುದಿಗೆ ಹಳೆಯ ಸೀರೆಯ ಕೆಂಪು ಅಂಚನ್ನು ಒತ್ತಾಗಿ ಸುತ್ತಿದ್ದರು, ಹಿಡಿದರೆ ಕೈಗೆ ಮೆತ್ತಗೆ. ನಮ್ಮವರು ತಂದಿಟ್ಟಿರಬೇಕು, ಹೇಳಲು ಮರೆತಿರಬೇಕು ಎಂದುಕೊಂಡು ಅದನ್ನೇ ತೆಗೆದುಕೊಂಡು ಬಾವಿಗೆ ಹೋದೆ.

ಬಾವಿಕಟ್ಟೆಯ ಮೇಲೆ ಊರಿನ ಹೆಂಗಸರಿದ್ದರು. ಕೆಳಗೆ, ಮೆಟ್ಟಿಲ ಆಚೆ, ಬಿಂದಿಗೆ ಇಟ್ಟುಕೊಂಡು ಕಾಲೊನಿಯ ಒಬ್ಬ ಹೆಂಗಸು ನಿಂತಿದ್ದರು. ಕಾಲೊನಿಯ ಬೋರಿಂಗು ಬೇಸಿಗೆಗೆ ಕೆಟ್ಟು ನಿಂತಿತ್ತು. ಅವರು ಬಾವಿಕಟ್ಟೆ ಹತ್ತುವಂತಿರಲಿಲ್ಲ, ರಾಟೆ ಮುಟ್ಟುವಂತಿರಲಿಲ್ಲ. ಊರಿನವರೆಲ್ಲ ಸೇದಿಕೊಂಡ ಮೇಲೆ ಯಾರಾದರೂ ಮೇಲಿನಿಂದ ಹುಯ್ಯಬೇಕು. ಕಾನೂನಿನಲ್ಲಿ ಹಾಗೆ ಇರಲಿಲ್ಲ ಎಂದು ನನಗೆ ಗೊತ್ತಿತ್ತು, ಪಿಯುಸಿ ಓದಿದವಳು ನಾನು. ಗೊತ್ತಿದ್ದೂ ಉಳಿದವರ ಹಾಗೆ ನಾನೂ ಮೇಲೆ ನಿಂತಿದ್ದೆ.

ಅವರ ಹೆಸರು ಮುನಿವೆಂಕಟಮ್ಮ. ಈಗ ಬರೆಯುವಾಗ 'ಅವರು' ಎನ್ನುತ್ತಿದ್ದೇನೆ. ಆಗ ನಮ್ಮಮ್ಮನ ವಯಸ್ಸಿನ ಆ ಹೆಂಗಸನ್ನು ನಾನು 'ನೀನು' ಎಂದೇ ಮಾತಾಡಿಸಿದ್ದು.

ನಾನು ಕೊಡಕ್ಕೆ ಹಗ್ಗ ಬಿಗಿದು ರಾಟೆಗೆ ಹಾಕಿದೆ. ಮುನಿವೆಂಕಟಮ್ಮ ಕೆಳಗಿನಿಂದ ಹಗ್ಗವನ್ನೇ ನೋಡುತ್ತಿದ್ದರು. ಹಗ್ಗ ಬಾವಿಯೊಳಗೆ ಇಳಿಯಿತು, ಅವರ ಕಣ್ಣೂ ಜೊತೆಗೆ ಇಳಿಯಿತು. ಕೊಡ ಮೇಲೆ ಬಂತು, ಕಣ್ಣೂ ಬಂತು. ಪಾಪ, ನೀರಿಗೆ ಎಷ್ಟು ಹಪಹಪಿಸುತ್ತಿದ್ದಾಳೆ ಎಂದುಕೊಂಡು ಎರಡನೇ ಕೊಡವನ್ನು ಅವರ ಬಿಂದಿಗೆಗೆ ಹುಯ್ದೆ. ಹೆಸರೇನು, ಎಲ್ಲಿರೋದು, ಮಕ್ಕಳೆಷ್ಟು ಎಂದೆಲ್ಲ ದೊಡ್ಡವಳ ಹಾಗೆ ವಿಚಾರಿಸಿದೆ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಬಿಂದಿಗೆ ಸೊಂಟಕ್ಕೇರಿಸಿಕೊಂಡು ಹೊರಟವರು ತಿರುಗಿ ನಿಂತು, "ಹಗ್ಗ ಒದ್ದೆ ಇಕ್ಕಬೇಡಿ ಅಮ್ಮಯ್ಯ, ಬಿಸಿಲಾಗೆ ಒಣಗಾಕಿ. ನಾರು ನೆನೆದ್ರೆ ಬೇಗ ಹೋಗ್ತದೆ" ಎಂದರು.

ಮನೆಗೆ ಬಂದು ಹಗ್ಗವನ್ನು ಬಿಸಿಲಿಗೆ ಹರವಿದೆ. ಪಾಪಮ್ಮ ಅದನ್ನು ನೋಡಿ ಬಾಯಲ್ಲಿದ್ದ ಎಲೆ ಅಡಿಕೆ ಉಗಿದುಬಂದರು.

"ಬಾವಿಗೆ ಇದನ್ನ ತಗೊಂಡ್ ಹೋಗಿದ್ಯೇನಮ್ಮ?"

"ಹೂಂ. ಚೆನ್ನಾಗಿದೆ ಅಲ್ವಾ? ಮುನಿವೆಂಕಟಮ್ಮನೂ ಮೆಚ್ಕೊಂಡಳು."

"ಅಯ್ಯೋ ದೇವುಡಾ! ಅದು ಅವಳ್ದೇ ಹಗ್ಗ ಕಣಮ್ಮ. ಸೌದೆ ಹೊರೆ ಕಟ್ಟೋದು. ನಿನ್ನ ಗಂಡ ಬೆಟ್ಟದಾಗೆ ಕಿತ್ಕೊಂಡಿದ್ದು." ಆಮೇಲೆ ದನಿ ಇಳಿಸಿ, "ಯಾರಿಗೂ ಬಾಯಿ ಬಿಡಬೇಡ. ಅವಳ ಹಗ್ಗ ಬಾವಿಯೊಳಗೆ ಇಳೀತು ಅಂತ ಊರಿನೋರಿಗೆ ಗೊತ್ತಾದ್ರೆ ಅವಳನ್ನ ಉಳಿಸ್ತಾರಾ?" ಎಂದರು.

ನಾನು ಹಗ್ಗವನ್ನು ಬಿಸಿಲಿನಿಂದ ತೆಗೆದು ಒಳಗಿಟ್ಟೆ. ಮುನಿವೆಂಕಟಮ್ಮ ಬಾವಿಯ ಹತ್ತಿರವೇ 'ಅದು ನನ್ನ ಹಗ್ಗ' ಎಂದು ಒಂದು ಮಾತು ಅಂದಿದ್ದರೆ ನನ್ನ ಮಾನ ಹೋಗುತ್ತಿತ್ತು. ಅನ್ನಲಿಲ್ಲ. ಅಂದಿದ್ದರೆ ಬಾವಿ ಮೈಲಿಗೆಯಾಯಿತೆಂದು ಊರು ಅವರ ಮೇಲೆಯೇ ಬೀಳುತ್ತಿತ್ತು, ನನ್ನ ಮೇಲಲ್ಲ. ಆದ್ದರಿಂದ ತಮ್ಮ ಹಗ್ಗವನ್ನು ಹೇಗೆ ಒಣಗಿಸಬೇಕೆಂದು ನನಗೆ ಹೇಳಿಕೊಟ್ಟು ಹೋದರು. ನಾನು ಅವರಿಗೆ ಮಕ್ಕಳೆಷ್ಟು ಎಂದು ಕೇಳಿದ ಠೀವಿ ನೆನಪಾಗಿ ಮೈಯೆಲ್ಲ ಮುದುಡಿತು.

ಸಂಜೆ ನಮ್ಮವರು ಬಂದಾಗ ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದೆ. ಅವರು ತಬ್ಬಿಬ್ಬಾದರು, ಆಮೇಲೆ ರೇಗಿದರು.

"ರೇಂಜರ್ ಸಾಹೇಬ್ರು ಪಕ್ಕದಲ್ಲೇ ಇದ್ರು ಕಣೇ. ಏನೂ ಮಾಡ್ದೆ ಬಿಡೋಕಾಗ್ತಿತ್ತಾ? ಕೇಸ್ ಹಾಕಿದ್ರೆ ಅವಳು ಶಿಡ್ಲಘಟ್ಟದ ಕೋರ್ಟಿಗೆ ಅಲೀಬೇಕಾಗಿತ್ತು. ಹಗ್ಗ ಕುಡುಗೋಲು ಕಿತ್ಕೊಂಡು ಬಿಟ್ಬಿಟ್ಟೆ. ಉಪಕಾರ ಮಾಡಿದೀನಿ."

"ಸೌದೆ? ನಮ್ಮ ಹಿತ್ತಿಲಲ್ಲಿ ಇರೋ ಸೌದೆ?"

"ಒಂದೆರಡು ಸಲ ಹಂಗೆ ಹಿಡಿದಿದ್ದು ಇರಬೋದು. ಹಿಂದೆ ಇದ್ದ ಗಾರ್ಡೂ ಹಂಗೇ ಮಾಡ್ತಿದ್ದಿದ್ದು. ಅದೇನು ನಾನು ಮಾರ್ಕೊಂಡು ತಿಂದಿದೀನಾ?"

ಅವರು ಕೆಟ್ಟವರಲ್ಲ. ಬೀದಿನಾಯಿಗೂ ಅನ್ನ ಹಾಕಿ ಉಣ್ಣುವ ಮನುಷ್ಯ. ಆ ಖಾಕಿಯೊಳಗೆ ಅವರಿಗೂ ಮೇಲಿನವರ ಭಯ, ಬೆಟ್ಟದಲ್ಲಿ ಒಂದು ನೀಲಗಿರಿ ಸಸಿ ಮುರಿದರೂ ಮೆಮೊ. ಇಲಾಖೆಯ ಲಾರಿಗಳು ಮರ ತುಂಬಿಕೊಂಡು ಹೋಗುವುದಕ್ಕೆ ಸೆಲ್ಯೂಟ್ ಹೊಡೆದು, ತಲೆಹೊರೆಯವರನ್ನು ಅಟ್ಟಿಸಿಕೊಂಡು ಹೋಗುವ ಕೆಲಸ ಅವರದು. ಇದನ್ನೆಲ್ಲ ಈಗ ಸಮಾಧಾನವಾಗಿ ಬರೆಯುತ್ತಿದ್ದೇನೆ. ಅವತ್ತು ಮಾತ್ರ ಲೋಟವನ್ನು ಕುಕ್ಕಿ ಒಳಗೆ ಹೋದೆ.

ಆ ಸೌದೆ ಮುಟ್ಟುವುದಿಲ್ಲ ಎಂದು ಹಟ ಹಿಡಿದೆ. ರೇಷನ್ನಿನ ಸೀಮೆಎಣ್ಣೆಯ ಸ್ಟೌ ಹಚ್ಚಿದೆ. ಹುಣಸೆಮರದ ಕೆಳಗೆ ಬಿದ್ದ ಪುಳ್ಳೆ ಆಯ್ದು ತಂದೆ. ಪಾಪಮ್ಮ ನನ್ನನ್ನು ನೋಡಿ ನಗುತ್ತಿದ್ದರು: "ಎಷ್ಟು ದಿನ ನಡೀತದೋ ನೋಡಣ." ಹೆಚ್ಚು ದಿನ ನಡೆಯಲಿಲ್ಲ. ತಿಂಗಳ ನಡುವೆ ಸೀಮೆಎಣ್ಣೆ ಮುಗಿಯಿತು. ಪುಳ್ಳೆಯ ಉರಿಯಲ್ಲಿ ಮುದ್ದೆಗೆ ಎಸರು ಕಾಯುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಒಂದು ದಿನ ಹಿತ್ತಿಲಿಗೆ ಹೋಗಿ, ಯಾರೋ ನೋಡುತ್ತಿದ್ದಾರೆಂಬಂತೆ ಆಚೀಚೆ ನೋಡಿ, ಜಾಲಿ ಕೊರಡೊಂದನ್ನು ಎಳೆದುಕೊಂಡು ಬಂದು ಒಲೆಗೆ ತುರುಕಿದೆ. ಕ್ಷಣದಲ್ಲಿ ಉರಿ ಎದ್ದಿತು. ಎಂಥ ಒಳ್ಳೆಯ ಸೌದೆ! ಮುದ್ದೆ ಚೆನ್ನಾಗಿಯೇ ಆಯಿತು, ನಾನು ಹೊಟ್ಟೆತುಂಬ ಉಂಡೆ. ನಾಚಿಕೆಯಿದ್ದರೂ ಹಸಿವು ಒಂದು ತುತ್ತೂ ಕಡಿಮೆಯಾಗಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಚುಚ್ಚಿತು.

ಕಡೆಗೆ, ಹಗ್ಗವನ್ನಾದರೂ ವಾಪಸು ಕೊಟ್ಟುಬಿಡೋಣ ಎಂದು ನಿರ್ಧರಿಸಿದೆ. ನಮ್ಮವರು ಬೆಟ್ಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಅದನ್ನು ಚೀಲದಲ್ಲಿಟ್ಟುಕೊಂಡೆ, ಒಂದು ಅಚ್ಚು ಬೆಲ್ಲವನ್ನೂ ಹಾಕಿಕೊಂಡೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು, ಅದಕ್ಕೆ ಅವರು ಕಣ್ಣೀರು ಹಾಕುವುದನ್ನೂ ಊಹಿಸಿಕೊಂಡು ನಡೆದೆ. ನನ್ನ ಒಳ್ಳೆಯತನವನ್ನು ನಾನೇ ಮೆಚ್ಚಿಕೊಂಡಿದ್ದೆ.

ಕಾಲೊನಿಗೆ ಕಾಲಿಟ್ಟಿದ್ದೇ ತಡ, ಆಡುತ್ತಿದ್ದ ಮಕ್ಕಳು "ಗಾರ್ಡಮ್ಮ ವಚ್ಚಿಂದಿ! ಗಾರ್ಡಮ್ಮ ವಚ್ಚಿಂದಿ!" ಎಂದು ಕೂಗಿಕೊಂಡು ಓಡಿದವು. ಗಾರ್ಡಮ್ಮ ಬಂದಳು ಎಂದು. ಒಂದು ಮನೆಯ ಮುಂದಿದ್ದ ಹೊರೆಯನ್ನು ಇಬ್ಬರು ಸೇರಿ ಎಳೆದು ಗೋಡೆ ಮರೆಗೆ ತಳ್ಳಿದರು. ಬಾಗಿಲುಗಳು ಮುಚ್ಚಿಕೊಂಡವು. ಬೀದಿಯಲ್ಲಿ ನಾನು, ನನ್ನ ಚೀಲ, ಒಂದು ಕೋಳಿ.

ಮುನಿವೆಂಕಟಮ್ಮ ಮನೆಯಲ್ಲೇ ಇದ್ದರು. ಕಂಬಳಿ ಹೊದ್ದು ಮಲಗಿದ್ದವರು ನನ್ನನ್ನು ನೋಡಿ ಗೋಡೆ ಹಿಡಿದು ಎದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಕೈಮುಗಿದು, "ತಪ್ಪಾಯ್ತು ಅಮ್ಮಯ್ಯ. ಈ ವಾರದ ಹೊರೆ ಹಾಕಕ್ಕಾಗ್ಲಿಲ್ಲ. ಜ್ವರ ಬಂದು ಬಿದ್ಕಂಡಿದ್ದೆ. ಗಾರ್ಡ್ ಸಾರು ಕೇಳ್ಕಂಡು ಬಾ ಅಂದ್ರಾ?" ಎಂದರು.

"ಯಾವ ಹೊರೆ?"

"ಅದೇ, ನಿಮ್ಮನೆ ಹಿತ್ತಿಲಿಗೆ ಹಾಕೋದು. ವಾರಕ್ಕೊಂದು. ಎಲ್ಲಾರೂ ಒಬ್ಬೊಬ್ರಾಗಿ ಹಾಕ್ತೀವಲ್ಲ. ನಂದು ತಪ್ಪಿಸಿದ್ದಿಲ್ಲ ಅಮ್ಮಯ್ಯ, ಇದೊಂದು ವಾರ. ನಾಳೀಕೆ ತಂದಾಕ್ತೀನಿ."

ಒಂದೆರಡು ಸಲ ಹಿಡಿದದ್ದು ಎಂದು ನಮ್ಮವರು ಹೇಳಿದ್ದು ಸುಳ್ಳು. ಆ ರಾಶಿ ಕರಗದೇ ಇದ್ದದ್ದು ಹೀಗೆ. ನಾನು ಏಳುವ ಮೊದಲೇ ಈ ಹೆಂಗಸರು ಸರದಿಯ ಮೇಲೆ ಬಂದು, ಸದ್ದಿಲ್ಲದೆ ನಮ್ಮ ಒಲೆಗೆ ಹೊತ್ತುಹಾಕಿ ಹೋಗುತ್ತಿದ್ದರು. ಕೊಡಲು ಬಂದವಳು ನಾನು; ಅವರ ಕಣ್ಣಿಗೆ ವಸೂಲಿಗೆ ಬಂದವಳು. ಜ್ವರ ಬಂದವರು ನನ್ನೆದುರು ಕೈಮುಗಿದುಕೊಂಡು ನಡುಗುತ್ತಿದ್ದರು. ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ಬರಲಿಲ್ಲ. ಚೀಲದಿಂದ ಹಗ್ಗ ತೆಗೆದು, "ಇದು ನಿನ್ನದು, ತಗೋ" ಎಂದಷ್ಟೇ ಹೇಳಿದೆ.

ಅವರು ಹಗ್ಗವನ್ನು ಮುಟ್ಟಲಿಲ್ಲ.

"ಬ್ಯಾಡ ಅಮ್ಮಯ್ಯ. ನಾನು ಇದ್ರಾಗೆ ಹೊರೆ ಕಟ್ಕಂಡು ಬೆಟ್ಟದಾಗೆ ಸಿಕ್ಕಿದ್ರೆ, ಗಾರ್ಡ್ ಮನೇಲಿ ಕದ್ದಿದೀಯ ಅಂತಾರೆ ಸಾರು. ಆಗ ನಾನೇನು ಹೇಳ್ಲಿ?"

"ನಾನೇ ಕೊಟ್ಟೆ ಅಂತ ಹೇಳು."

"ನೀವು ಕೊಟ್ರಿ ಅಂದ್ರೆ ನಿಮಗೆ ಕಷ್ಟ. ಬಾವಿಗೂ ಇಳಿದೈತೆ ಅದು. ಯಾರಾನ ಕೆಂಪು ಅಂಚು ಗುರುತು ಹಿಡಿದ್ರೆ ನನಗೆ ಕಷ್ಟ." "ನೀವೇ ಇಟ್ಕಳಿ. ನೀರು ಸೇದ್ತಾ ಇರಿ. ನಾನು ಕೆಳಗೆ ನಿಂತಾಗ ನಂಗೆ ಮೊದ್ಲು ಹುಯ್ರಿ, ಅಷ್ಟು ಮಾಡಿ. ಎಲ್ಲಾರ್ದೂ ಆಗೋ ತನಕ ಕಾದ್ರೆ ಬಸ್ಸು ಹೊಂಟೋಗ್ತದೆ. ನನ್ನ ವಾಡಿಕೆ ಮನೆ ಸಾಬಮ್ಮ ಆಗ್ಲೇ ಬೇರೆಯೋರ ಹೊರೆ ಇಳಿಸ್ಕತಾವ್ಳೆ."

ತನ್ನ ಹಗ್ಗಕ್ಕೆ ಬದಲಾಗಿ ಆ ಹೆಂಗಸು ಕೇಳಿದ್ದು ಇಷ್ಟು. ಬೆಲ್ಲವನ್ನು ಮಾತ್ರ ತೆಗೆದುಕೊಂಡರು. ಬೇಡವೆಂದರೆ ನಾನು ಸಿಟ್ಟಾಗುತ್ತೇನೆ ಎಂಬ ಭಯದಿಂದ ತೆಗೆದುಕೊಂಡರೆಂದು ಅವರು ಅದನ್ನು ಹಿಡಿದ ರೀತಿಯಲ್ಲೇ ಗೊತ್ತಾಯಿತು.

ಜ್ವರ ಇಳಿದು ಅವರು ಮತ್ತೆ ಬಾವಿಗೆ ಬಂದ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಕಟ್ಟೆಯ ಮೇಲಿದ್ದೆ. ಕೆಂಪು ಅಂಚನ್ನು ಬಿಚ್ಚಿ ಒಲೆಗೆ ಹಾಕಿದ್ದೆ, ಯಾರೂ ಗುರುತು ಹಿಡಿಯದಿರಲಿ ಎಂದು. ಮೊದಲ ಕೊಡವನ್ನೇ ಕೆಳಗಿನ ಬಿಂದಿಗೆಗೆ ಹುಯ್ದೆ. ಇದೇನಮ್ಮಾ ಹೊಸ ಪದ್ಧತಿ ಎಂದು ಯಾರಾದರೂ ಕೇಳಿಯಾರು, ಕೇಳಿದರೆ ಹೀಗೆ ಹೇಳಬೇಕು ಎಂದು ಸಿದ್ಧಳಾಗಿದ್ದೆ. ಯಾರೂ ಕೇಳಲಿಲ್ಲ. ಹೆಂಗಸರು ಮುಖಮುಖ ನೋಡಿಕೊಂಡರು, ಒಬ್ಬಳು ಸೆರಗು ಸರಿಮಾಡಿಕೊಂಡಳು, ಅಷ್ಟೇ. ಮರುದಿನವೂ ಹಾಗೇ. ವಾರ ಕಳೆಯುವುದರೊಳಗೆ ಮುನಿವೆಂಕಟಮ್ಮ ನೀರು ಮನೆಗಿಟ್ಟು, ಹೊರೆಯೊಂದಿಗೆ ಬಸ್ಸಿನ ಹತ್ತಿರ ಮೊದಲಿಗರಾಗಿ ನಿಂತಿರುತ್ತಿದ್ದರು. ಹೊಸ ಹಗ್ಗ ಹೊಸೆದುಕೊಂಡಿದ್ದರು. ರೀಲರ ಮನೆಯ ವಾಡಿಕೆ ಉಳಿಯಿತು.

ಅದಕ್ಕೆ ನಾನು ಒಂದೆರಡು ದಿನ ಬೀಗಿದ್ದೂ ಉಂಟು. ಪಾಪಮ್ಮ ನನ್ನ ಗಾಳಿ ತೆಗೆದರು. "ನೀನು ಗಾರ್ಡಮ್ಮ ಅಂತ ಬಾಯಿ ಮುಚ್ಕೊಂಡವರೆ ಕಣಮ್ಮ. ಅವರ ಮನೆ ದನಾನೂ ಬೆಟ್ಟಕ್ಕೇ ಹೋಗಬೇಕಲ್ಲ. ಬೇರೆ ಯಾರಾನ ಹಂಗೆ ಹುಯ್ದಿದ್ರೆ ಕೊಡ ಕಿತ್ತು ಎಸೀತಿದ್ರು." ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವೂ ನಡೆದದ್ದು ಅದೇ ಖಾಕಿಯ ಭಯದಲ್ಲಿ. ಜಗಲಿಯ ಮೇಲೆ ಕೂತು ಇಸ್ತ್ರಿ ಮಾಡುವುದನ್ನು ಅವತ್ತೇ ಬಿಟ್ಟೆ.

ವಾರದ ಹೊರೆಯ ವಿಷಯಕ್ಕೆ ನಮ್ಮವರ ಜೊತೆ ದೊಡ್ಡ ಜಗಳವೇ ಆಯಿತು. ಅವರು ಈ 'ಮಾಮೂಲಿ'ಯನ್ನು ಒಪ್ಪಿಕೊಂಡರು, ಆದರೆ ನಿಲ್ಲಿಸಲು ಆಗುವುದಿಲ್ಲ ಎಂದರು. "ನಾನು ಬಾಯಿಬಿಟ್ಟು ಕೇಳಿದೋನಲ್ಲ. ಹಿಂದಿನಿಂದ ನಡ್ಕೊಂಡು ಬಂದಿದೆ. ಈಗ ಬೇಡ ಅಂದ್ರೆ, ಇವನಿಗೆ ಸೌದೆ ಸಾಲ್ದು, ಇನ್ನೇನೋ ಬೇಕಾಗಿದೆ ಅಂದ್ಕೊಳ್ತಾರೆ. ಹೆದರ್ಕೊಳ್ತಾರೆ ಕಣೇ." ನಾನು ನಂಬಲಿಲ್ಲ. ಒಂದು ಮುಂಜಾನೆ ಬೇಗ ಎದ್ದು ಹಿತ್ತಿಲಲ್ಲಿ ಕಾದು, ಹೊರೆ ಇಳಿಸಲು ಬಂದ ಮುನಿವೆಂಕಟಮ್ಮನಿಗೆ, "ಇನ್ಮೇಲೆ ಹಾಕಬೇಡ, ನಾನು ಹೇಳ್ತಿದೀನಿ" ಎಂದೆ. ಅವರ ಮುಖ ಬಿಳಿಚಿಕೊಂಡಿತು. "ಏನಾಯ್ತು ಅಮ್ಮಯ್ಯ? ಸಾರು ಏನಾನ ಅಂದ್ರಾ? ನಮ್ಮನ್ನ ಬೆಟ್ಟಕ್ಕೆ ಬಿಡಲ್ವಾ?" ಎಂದು ಕೇಳಿದರು. ಎಷ್ಟು ಹೇಳಿದರೂ ಅವರಿಗೆ ಧೈರ್ಯ ಬರಲಿಲ್ಲ. ಮುಂದಿನ ವಾರ ಮಾಮೂಲಿಗಿಂತ ದಪ್ಪನೆಯ ಹೊರೆ ಬಂದು ಬಿದ್ದಿತ್ತು. ನಮ್ಮವರು ಅದನ್ನು ನೋಡಿ ತಲೆ ತಗ್ಗಿಸಿಕೊಂಡು ಡ್ಯೂಟಿಗೆ ಹೋದರು. ಅವರಿಗೂ ನಾಚಿಕೆಯಿತ್ತು ಎಂದು ನನಗೆ ಗೊತ್ತಾದದ್ದು ಆಗ. ಇಬ್ಬರೂ ನಾಚಿಕೊಂಡು, ಇಬ್ಬರೂ ಅದೇ ಸೌದೆಯಲ್ಲಿ ಬೇಯಿಸಿದ್ದನ್ನು ಉಂಡೆವು.

ಆ ಮಳೆಗಾಲ ಮುಗಿಯುವ ಮೊದಲೇ ನಮ್ಮವರಿಗೆ ಚಿಂತಾಮಣಿ ಕಡೆಗೆ ವರ್ಗವಾಯಿತು. ಆದರೆ ನನ್ನ ಮಟ್ಟಿಗೆ ಆ ಊರಿನ ಋಣ ತೀರಲಾರದ್ದಾಗಿ ಉಳಿದದ್ದು ಅದಕ್ಕೆ ಮುಂಚೆ, ರೋಹಿಣಿ ಮಳೆ ಹಿಡಿದ ವಾರದಲ್ಲಿ. ನಮ್ಮ ಸೀಮೆಯಲ್ಲಿ ಮಳೆ ಹಾಗೆ ಬಿಡದೆ ಹಿಡಿಯುವುದು ಅಪರೂಪ. ಹೊಳೆಯಲ್ಲಿ ಕೆಂಪು ನೀರು ದಂಡೆಯ ಹೊಂಗೆಮರದ ಬುಡ ಮುಟ್ಟಿತು. ಬಸ್ಸು ಬರಲಿಲ್ಲ. ಬೆಟ್ಟಕ್ಕೆ ಯಾರೂ ಹೋಗಲಿಲ್ಲ. ಊರಿನವರೆಲ್ಲ ಮಳೆ ಬಂತೆಂಬ ಖುಷಿಯಲ್ಲಿದ್ದರು, ನಾನೂ ಒಲೆ ಮುಂದೆ ಬೆಚ್ಚಗೆ ಕೂತು ಅವರೆಬೇಳೆ ಹುರಿಯುತ್ತಿದ್ದೆ.

ಹಿತ್ತಿಲ ಕಡೆಯಿಂದ "ಅಮ್ಮಯ್ಯ" ಎಂದು ಯಾರೋ ಕರೆದರು. ಮುನಿವೆಂಕಟಮ್ಮ. ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಮಾಡಿನ ಕೆಳಗೂ ಬರದೆ, ಸುರಿಯುವ ಮಳೆಯಲ್ಲೇ ನಿಂತಿದ್ದರು.

"ಸೂರು ಸೋರ್ತಾ ಐತೆ. ಇದ್ದಿದ್ದೆಲ್ಲ ನೆಂದೋಯ್ತು, ಒಲೆ ಹತ್ತುತಿಲ್ಲ. ಮಕ್ಕಳು ನಿನ್ನೆಯಿಂದ ಹಸ್ಕಂಡವೆ. ನಿಮ್ಮ ಸೌದೆಯಾಗೆ ಒಂದು ನಾಕು ಒಣಗಿದ್ದು ಕೊಡ್ತೀರಾ?"

ನಿಮ್ಮ ಸೌದೆ ಎಂದರು. ಹಂಗಿಸುವ ದನಿಯೇನೂ ಇರಲಿಲ್ಲ, ನಿಜವಾಗಿಯೂ ಬೇಡುತ್ತಿದ್ದರು. ಅಲ್ಲಿ ಒಣಗಿ ಬೆಚ್ಚಗೆ ಬಿದ್ದಿದ್ದ ರಾಶಿಯಲ್ಲಿ ಎಷ್ಟು ಅವರೇ ಕಡಿದದ್ದೋ, ಅವರೇ ಹೊತ್ತದ್ದೋ. ಅದು ನಿಮ್ಮದೇ ಕಣಮ್ಮ, ಎಲ್ಲ ತಗೊಂಡು ಹೋಗಿ ಎಂಬ ಮಾತು ನನ್ನ ಗಂಟಲವರೆಗೂ ಬಂತು. ಬಾಯಿಗೆ ಬರಲಿಲ್ಲ. ತೋಳ ತುಂಬ ಸೌದೆ ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದರಲ್ಲಿ ಅರ್ಧವನ್ನು ವಾಪಸು ರಾಶಿಯ ಮೇಲೆ ಒಪ್ಪವಾಗಿ ಜೋಡಿಸಿಟ್ಟು, "ಇಷ್ಟು ಸಾಕು, ಮಳೆ ಬಿಡೋ ತನಕ ನಿಮಗೂ ಬೇಕಲ್ಲ" ಎಂದರು. ಉಳಿದದ್ದನ್ನು ನೆನೆಯದ ಹಾಗೆ ಗೋಣಿಯೊಳಗೆ ಎದೆಗೆ ಅವುಚಿಕೊಂಡರು.

"ನಿಮ್ಮ ಹೊಟ್ಟೆ ತಣ್ಣಗಿರ್ಲಿ ಅಮ್ಮಯ್ಯ" ಎಂದು ಹರಸಿದರು.

ನಾನೂ, ದಾನ ಕೊಟ್ಟವರು ಹೇಳುವ ಹಾಗೆ, "ಇರಲಿ ಬಿಡು" ಎಂದೆ.